ಮಶೂದ್ ಬಾರಿಸಿದ್ದು

ಮಂಡೆಕೋಲು, ಸುಳ್ಯ ತಾಲೂಕು
12 ಜನವರಿ 2025, ಭಾನುವಾರ

ಪ್ರೀತಿಯ ಮೋಕ್ಷಿತಕ್ಕಾ,

ಹೇಗಿದ್ದಿ? ಅರುಣಾಚಲದ ಆ ಚಳಿಗೆ ತುಟಿ ಒಡೆದು ರಕ್ತ ಬರುತ್ತದೆ ಎಂದು ಕಳೆದ ಸಲ ಹೇಳಿದ್ದಿ, ಈಗ ಕಡಿಮೆಯಾಗಿದೆಯಾ? ಅಮ್ಮ ಪುನರ್ಪುಳಿ ತುಪ್ಪವನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾರೆ, ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಮಲಗುವ ಮೊದಲು ಹಚ್ಚಬೇಕಂತೆ. ಡ್ಯೂಟಿಗೆ ಹೋಗುವಾಗ ಎರಡು ಸಾಕ್ಸ್ ಹಾಕಬೇಕಂತೆ. ಮೊಣಕಾಲು ನೋವಿದ್ದರೆ ಮೇಲಿನವರಿಗೆ ಹೇಳಲು ನಾಚಬಾರದಂತೆ. ಇದನ್ನೆಲ್ಲ ಬರೆದೆಯಾ ಎಂದು ಅಮ್ಮ ಎರಡು ಸಲ ಬಂದು ಕೇಳಿ ಹೋದರು. ಬರೆದಿದ್ದೇನೆ.

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಜೀಪಿನ ಗೇರ್‌ಬಾಕ್ಸ್ ಮತ್ತೆ ಹೋಗಿತ್ತು, ಈಗ ಸರಿಯಾಗಿದೆ. ಬೆಳಗ್ಗೆ ಸುಳ್ಯಕ್ಕೆ ಮೊದಲ ಟ್ರಿಪ್ ಅಪ್ಪನದ್ದೇ. ಶಾಲೆಯ ಮಕ್ಕಳು ಹಿಂದೆ ನೇತಾಡಿದರೆ ಗಾಡಿ ನಿಲ್ಲಿಸಿ ಬೈಯುವುದೂ ಹಾಗೆಯೇ ಇದೆ. ಅಮ್ಮನ ಅಂಗನವಾಡಿಗೆ ಹೊಸ ಕುಕ್ಕರ್ ಬಂದಿದೆ, ಅದರ ಸೀಟಿಗೆ ಒಂದು ಮಗು ದಿನಾ ಅಳುತ್ತದಂತೆ. ನಾನು ಪುತ್ತೂರಿನಲ್ಲಿ ಉದಯಣ್ಣನ ಸೌಂಡ್ಸಿಗೇ ಹೋಗುತ್ತಿದ್ದೇನೆ. ಮದುವೆ ಸೀಸನ್, ಕೆಲಸಕ್ಕೆ ಕೊರತೆ ಇಲ್ಲ. ಮೈಕ್ ಕಟ್ಟುವುದು, ಬಿಚ್ಚುವುದು, ಊಟ ಮಾಡುವುದು, ಬರುವುದು. ದಿನ ಹೋಗುತ್ತದೆ.

ನಮ್ಮ ಬ್ಯಾಂಡಿನ ಮಶೂದ್ ತೀರಿಕೊಂಡ ಸುದ್ದಿಯನ್ನು ಅಪ್ಪ ನಿನಗೆ ಫೋನಿನಲ್ಲಿ ಹೇಳುವಾಗ ಲೈನ್ ಕಟ್ಟಾಯಿತಂತೆ. ಆಮೇಲೆ ನೀನು ಮಾಡಿದ ಎರಡು ಫೋನಿನಲ್ಲೂ ನಮ್ಮ ಹಾಡುಗಳ ಆಲ್ಬಂ ಏನಾಯಿತು ಎಂದು ಕೇಳಿದ್ದಿ, ನಾನು ಮಾತು ತಿರುಗಿಸಿದ್ದೆ. ಈಗ ಆಲ್ಬಂ ಬಂದಿದೆ. ಒಂದು ಸಿಡಿ ಇದರಲ್ಲಿದೆ. ಪೆನ್‌ಡ್ರೈವ್ ನಿಮ್ಮ ಕ್ಯಾಂಪಿನ ಒಳಗೆ ಬಿಡುವುದಿಲ್ಲ ಎಂದಿದ್ದಿಯಲ್ಲ, ಸಿಡಿ ಹಾಕಲಿಕ್ಕೂ ಅಲ್ಲಿ ಏನೂ ಇರಲಿಕ್ಕಿಲ್ಲ, ಹಾಗಾಗಿ ಈಗ ಕವರ್ ಮಾತ್ರ ನೋಡು, ರಜೆಗೆ ಬಂದಾಗ ಕೇಳಿದರೆ ಸಾಕು. ಆದರೆ ಕೇಳುವ ಮೊದಲು ಅದು ಹೇಗೆ ಆಯಿತು ಎಂಬುದು ನಿನಗೆ ಗೊತ್ತಿರಬೇಕು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಕವರಿನ ಮೇಲೆ ಬ್ಯಾಂಡಿನ ಹೆಸರು ‘ಏಳೂವರೆ’, ಅದರ ಕೆಳಗೆ ಆಲ್ಬಮ್ಮಿನ ಹೆಸರು ‘ಮುಳುಗು ಸೇತುವೆ’. ಶನಿಯ ಹೆಸರು ಯಾಕೆ ಇಟ್ಟಿರಿ ಎಂದು ಅಮ್ಮ ಇವತ್ತಿಗೂ ಕೇಳುತ್ತಾರೆ. ಅದು ಶನಿಯಲ್ಲ, ನಮ್ಮ ತಾಳ. ಇದು ಎಂಥ ಸಂಗೀತ ಎಂದು ನಿನ್ನ ಜೊತೆಯವರು ಕೇಳಿದರೆ ನೀನೇ ಹಿಂದೆ ಹೇಳಿದ ಹಾಗೆ ಹೇಳು. ಪ್ರೋಗ್ರೆಸಿವ್ ಮೆಟಲ್ ಅಂದರೆ ಲೆಫ್ಟ್ ರೈಟ್ ಹಾಕಲಿಕ್ಕೆ ಆಗದ ಪಾಟು. ನೀನು ರಜೆಯಲ್ಲಿ ಬಂದಾಗ ಉದಯಣ್ಣನ ಗೋಡೌನಿನಲ್ಲಿ ನಮ್ಮ ಪ್ರಾಕ್ಟೀಸಿಗೆ ಕೂತು, ಕಾಲಲ್ಲಿ ತಾಳ ಹಾಕಲು ನೋಡಿ, ಪ್ರತಿ ಸಲವೂ ಅರ್ಧ ಹೆಜ್ಜೆ ಉಳಿಯುತ್ತದೆ ಎಂದು ಸಿಟ್ಟು ಮಾಡಿದ್ದಿ. ಆ ಅರ್ಧ ಹೆಜ್ಜೆ ಮಶೂದನದ್ದು. ನಾನು ಗಿಟಾರ್, ಪುತ್ತೂರಿನ ತಿರುಮಲೇಶ್ವರ ಬೇಸ್ ಮತ್ತು ಹಾಡು. ಆದರೆ ಹಾಡು ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನು ತೀರ್ಮಾನ ಮಾಡುತ್ತಿದ್ದವನು ಅವನೇ. ಹೊಸ್ಮಠದ ಹಳೆಯ ಸೇತುವೆಯ ಮೇಲೆ ನೀರು ಬಂದಾಗ ಎರಡೂ ಬದಿಯಲ್ಲಿ ಬಸ್ಸು ನಿಲ್ಲಿಸಿ ಜನ ಕಾಯುತ್ತಿದ್ದರಲ್ಲ, ಶಾಲೆಗೆ ಹೋಗುವಾಗ ಅವನು ಅದನ್ನು ನೋಡುತ್ತ ನಿಂತದ್ದೇ ಇಡೀ ಆಲ್ಬಂ. ನೀರು ಏರುವುದಕ್ಕೆ ಒಂದು ಹಾಡು, ಕಾಯುವುದಕ್ಕೆ ಒಂದು, ಇಳಿಯುವುದಕ್ಕೆ ಒಂದು. ಕಾಯುವ ಹಾಡೇ ಎಲ್ಲಕ್ಕಿಂತ ಉದ್ದ.

ಜೂನಿನಲ್ಲಿ ಅವನ ಡ್ರಮ್ಸ್ ರೆಕಾರ್ಡ್ ಮಾಡಿದೆವು. ಗೋಡೌನಿನ ಗೋಡೆಗೆ ಮದುವೆ ಮನೆಯ ಕೆಂಪು ಕಾರ್ಪೆಟ್ ಕಟ್ಟಿ, ಕಿಟಕಿಗೆ ಹಾಸಿಗೆ ಒರಗಿಸಿ, ಮಳೆ ಬಿಟ್ಟ ಹೊತ್ತು ನೋಡಿ ನೋಡಿ ಮಾಡಿದ್ದು. ಅವನು ಬನಿಯನ್ ಹಾಕಿ, ತಲೆಗೆ ಬೈರಾಸು ಕಟ್ಟಿ ಕೂತು ಬಾರಿಸಿದ. ಅದಾದ ಮೇಲೆ ನಾವಿಬ್ಬರು ಅದರ ಮೇಲೆ ನಮ್ಮದನ್ನು ಕೂರಿಸಿದೆವು. ಆಗಸ್ಟಿನಲ್ಲಿ ಅವನಿಗೆ ಜ್ವರ ಬಂತು. ಕಡಬದ ಅವರ ಟಯರ್ ಅಂಗಡಿಯ ಹಿಂದಿನ ಚರಂಡಿ ಕಟ್ಟಿತ್ತು, ಬರಿಗಾಲಲ್ಲಿ ಇಳಿದು ಬಿಡಿಸಿದ್ದನಂತೆ. ಇಲಿ ಜ್ವರ. ಕಣ್ಣು ಹಳದಿಯಾದ ಮೇಲೆ ಮಂಗಳೂರಿಗೆ ಕರೆದುಕೊಂಡು ಹೋದರು. ಡಾಕ್ಟರರು ಮಾಡುವುದನ್ನೆಲ್ಲ ಮಾಡಿದರು. ಕಿಡ್ನಿ ನಿಂತಿತು. ನಾನು ಐಸಿಯುವಿನ ಹೊರಗೆ ಬೆಂಚಿನಲ್ಲಿ ಕೂತು ಬ್ರೆಡ್ ತಿನ್ನುತ್ತಿದ್ದಾಗ ಅವನ ತಂದೆ ಬಾಗಿಲು ತೆರೆದು ಹೊರಗೆ ಬಂದರು. ಬಾಯಿಯಲ್ಲಿದ್ದದ್ದನ್ನು ನುಂಗಲೋ ಉಗುಳಲೋ ಎಂದು ಗೊತ್ತಾಗದೆ ನಿಂತೆ. ನುಂಗಿದೆ.

ರಾಮಕುಂಜದಲ್ಲಿ ಅವರ ಮಸೀದಿಯ ಹತ್ತಿರ ದಫನ ಮಾಡಿದರು. ನನ್ನನ್ನೂ ತಿರುಮಲೇಶ್ವರನನ್ನೂ ಹತ್ತಿರ ಕರೆದರು. ನಾವೂ ಹಿಡಿ ಮಣ್ಣು ಹಾಕಿದೆವು. ತಿರುಮಲೇಶ್ವರ ಅತ್ತ. ಅಪ್ಪ ಜೀಪಿನ ಬಾಗಿಲು ಹಿಡಿದುಕೊಂಡು ಅತ್ತರು. ಅಮ್ಮ ಮನೆಯಲ್ಲಿ ಇಡೀ ದಿನ ‘ನಮ್ಮ ಹೈದ, ನಮ್ಮ ಹೈದ’ ಎನ್ನುತ್ತ ಏನೂ ತಿನ್ನಲಿಲ್ಲ. ನನಗೆ ಅಳು ಬರಲಿಲ್ಲ ಅಕ್ಕಾ. ಚಪ್ಪಲಿಗೆ ಹತ್ತಿದ ಕೆಸರನ್ನು ಹೇಗೆ ತೆಗೆಯುವುದು ಎಂದೇ ಯೋಚಿಸುತ್ತಿದ್ದೆ. ಮರುದಿನ ಕೆಲಸಕ್ಕೆ ಹೋದೆ. ಉದಯಣ್ಣ ಬೇಡ ಎಂದರು, ಆದರೂ ಹೋಗಿ ಕೇಬಲ್ ಸುತ್ತಿದೆ.

ಅಕ್ಟೋಬರಿನಲ್ಲಿ ಅವನ ತಂದೆ ಫೋನ್ ಮಾಡಿದರು. ಮೂಸಕುಂಞಿ ಎಂದು ಹೆಸರು, ಊರಿಗೆಲ್ಲ ಮೂಸಾಕ, ನಮಗೂ ಹಾಗೇ. ಒಮ್ಮೆ ಬಂದು ಹೋಗಿ ಮಕ್ಕಳೇ ಎಂದರು. ರಾಮಕುಂಜದ ಅವರ ಮನೆಗೆ ಹೋದೆವು. ಮಶೂದನ ತಾಯಿ ಮೈಮೂನಮ್ಮ, ನಮಗೂ ಉಮ್ಮ, ನಿನಗೆ ಗೊತ್ತಲ್ಲ, ನೀನು ಸೇನೆಗೆ ಸೇರಿದಾಗ ನಿನ್ನನ್ನು ನೋಡಬೇಕೆಂದೇ ಮಂಡೆಕೋಲಿಗೆ ಬಂದವರು. ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಿದ್ದರು. ಅವನ ತಂಗಿ ಹಸ್ನಾ ಚಾ ತಂದಿಟ್ಟಳು. ಉಮ್ಮ ಸುತ್ತುಬಳಸು ಮಾತಾಡಲಿಲ್ಲ. “ಮೋನೆ, ಆ ಪಾಟಿನಲ್ಲಿ ಅವನ ಕೈ ಉಂಟಲ್ಲ, ಅದನ್ನು ತೆಗೀಬೇಕು” ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. “ಆಳು ಹೋದ ಮೇಲೆ ಅವ ಬಿಟ್ಟು ಹೋದದ್ದರ ಲೆಕ್ಕ ಅವನಿಗೇ ಸೇರುದು ಅಂತ ನಾವು ನಂಬುದು. ಒಳ್ಳೆದು ಬಿಟ್ರೆ ಒಳ್ಳೆದು ಸೇರ್ತದೆ. ಈ ಬಡಿಯುದು ಎಂತದಕ್ಕೆ ಸೇರ್ತದೆ ಅಂತ ನಂಗೆ ಗೊತ್ತಿಲ್ಲ. ಅವ ಇರುವಾಗ ನಾನು ಬೇಡ ಅಂತ ಹೇಳ್ಲಿಲ್ಲ. ಪ್ರಾಯ ಆದ ಮೇಲೆ ತಾನೇ ಬಿಡ್ತಾನೆ ಅಂತ ಇದ್ದೆ. ಈಗ ಅವನಿಗೆ ಬಿಡ್ಲಿಕ್ಕೆ ಆಗುದಿಲ್ಲ ಅಲ್ವಾ? ಹಾಗಾಗಿ ನೀವು ಬಿಡಿಸ್ಬೇಕು.”

ತಿರುಮಲೇಶ್ವರ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು, ಮಾತು ಬಲ್ಲವನು. “ಉಮ್ಮ, ಅವನ ಐದು ವರ್ಷದ ಕೆಲಸ ಅದು. ಅದು ಹೊರಗೆ ಬರ್ಬೇಕು ಅಂತ ಅವನಿಗೇ ಎಷ್ಟು ಆಸೆ ಇತ್ತು” ಎಂದ. “ಅವನ ಆಸೆ ನಂಗೂ ಗೊತ್ತುಂಟು ಮೋನೆ” ಎಂದು ಉಮ್ಮ ಹೇಳಿದರು. ಅಷ್ಟೇ. ಮೂಸಾಕನ ಕಡೆ ನೋಡಿದೆವು. ಅವರು ನೆಲ ನೋಡುತ್ತ, “ನಂಗೆ ಇದ್ರಲ್ಲಿ ಒಂದೂ ಹೇಳ್ಲಿಕ್ಕಿಲ್ಲ. ಹೆತ್ತದ್ದು ಅವಳು. ನಿದ್ದೆ ಮಾಡದೆ ಕೂರುದೂ ಅವಳೇ” ಎಂದರು. ನಾನು ಆಯಿತು ಎಂದೆ. ತೆಗೆಯುತ್ತೇವೆ, ಅವನ ಕೈ ನಮ್ಮ ಪಾಟಿನ ಜೊತೆ ಎಲ್ಲಿಯೂ ಉಳಿಯುವುದಿಲ್ಲ ಎಂದು ಮಾತು ಕೊಟ್ಟೆ. ನಾನು ದೊಡ್ಡ ಮನಸ್ಸು ಮಾಡಿದೆ ಎಂದು ತಿಳಿಯಬೇಡ. ಆ ಹೊತ್ತಿಗೆ ಯಾರು ಏನು ಕೇಳಿದ್ದರೂ ನಾನು ಆಯಿತು ಎನ್ನುತ್ತಿದ್ದೆ.

ಬರುವಾಗ ತಿರುಮಲೇಶ್ವರನ ಬೈಕಿನ ಹಿಂದೆ ಕೂತಿದ್ದೆ. ಪೆರಾಬೆ ದಾಟಿದ ಮೇಲೆ ಅವನು ಬೈಕ್ ನಿಲ್ಲಿಸಿ, “ನಿಂಗೆ ಎಂತ ಆಗಿದೆ ಮಾರಾಯ? ಒಂದು ಮಾತು ನನ್ನತ್ರ ಕೇಳ್ಳಿಕ್ಕಿಲ್ವಾ? ಅವನನ್ನು ಎರಡನೇ ಸಲ ಹೂಳ್ಳಿಕ್ಕೆ ಒಪ್ಪಿ ಬಂದೆ ನೀನು” ಎಂದ. “ಬೈಯಿ, ಹೊಡಿ, ಎಂತಾದ್ರೂ ಮಾಡು. ಹೀಗೆ ಮರದ ಹಾಗೆ ನಿಲ್ಬೇಡ” ಎಂದ. ನನ್ನನ್ನು ಅಲ್ಲೇ ಬಿಟ್ಟು ಹೋದ. ಬಸ್ಸು ಬರುವ ತನಕ ನಿಂತೆ, ಬಸ್ಸು ಬಂತು, ಹತ್ತಿದೆ. ಮರುದಿನ ಅವನೇ ಗೋಡೌನಿಗೆ ಬಂದ. “ಉಮ್ಮನ ಹತ್ರ ಜಗಳ ಮಾಡಿ ಬಿಡುಗಡೆ ಮಾಡಿದ್ರೆ ಆ ಹಾಡನ್ನು ನಾನೇ ಕೇಳ್ಲಿಕ್ಕಿಲ್ಲ” ಎಂದ. ಅಲ್ಲಿಗೆ ಆ ವಿಷಯ ಮುಗಿಯಿತು.

ಡ್ರಮ್ಸ್ ತೆಗೆದ ಮೇಲೆ ಉಳಿದದ್ದನ್ನು ಕೇಳಿದೆವು. ಹೇಗೆ ಹೇಳಲಿ, ಗಿಟಾರ್ ಇತ್ತು, ಹಾಡು ಇತ್ತು, ಯಾವುದಕ್ಕೂ ಕಾರಣ ಇರಲಿಲ್ಲ. ನಾನು ಯಾಕೆ ಅಲ್ಲಿ ತಡೆದೆ, ಇಲ್ಲಿ ಓಡಿದೆ ಎನ್ನುವುದು ನನಗೇ ತಿಳಿಯಲಿಲ್ಲ. ಬೇರೆ ಯಾರಾದರೂ ಬಾರಿಸಲೇಬೇಕಾಗಿತ್ತು. ತಿರುಮಲೇಶ್ವರನ ಕಾಲೇಜಿನಲ್ಲಿ ಕಲಿತ ಹುಡುಗಿ ಒಬ್ಬಳಿದ್ದಾಳೆ, ಸಾಕ್ಷಿ ಎಂದು. ಪುತ್ತೂರಿನವಳೇ, ಚರ್ಚಿನ ಕಾರ್ಯಕ್ರಮಕ್ಕೂ ಗಣೇಶೋತ್ಸವಕ್ಕೂ ಡ್ರಮ್ಸ್ ಬಾರಿಸುತ್ತಾಳೆ. ಅವಳಿಗೆ ಮಶೂದನದ್ದನ್ನು ಕೇಳಿಸಿದೆವು, ಹೀಗೇ ಬಾರಿಸಿದರೆ ಸಾಕು ಎಂದೆವು. ಅವಳು ಪೂರ್ತಿ ಕೇಳಿದಳು. ಹೆಡ್‌ಫೋನ್ ತೆಗೆದು, “ನಂಗೆ ಇದು ಬಾರಿಸ್ಲಿಕ್ಕೆ ಆಗುದಿಲ್ಲ ಅಣ್ಣಾ” ಎಂದಳು. ಕಷ್ಟವಾ ಎಂದು ಕೇಳಿದೆ. “ಕಷ್ಟ ಹೌದು, ಕಲಿಬಹುದು. ಆದ್ರೆ ಅವರ ಕೈ ತೆಗೀರಿ ಅಂತ ಹೇಳಿದ್ದಲ್ವಾ ಅವರ ಅಮ್ಮ? ನಾನು ಹಾಗೇ ಬಾರಿಸಿದ್ರೆ ತೆಗ್ದ ಹಾಗೆ ಆಯ್ತಾ?” ನಾವಿಬ್ಬರೂ ಅದನ್ನು ಯೋಚಿಸಿರಲೇ ಇಲ್ಲ. ಕೊನೆಗೆ ಅವಳು ತನ್ನದನ್ನೇ ಬಾರಿಸಿದಳು. ಅವಳದ್ದು ನೇರ, ಗಟ್ಟಿ, ಕಡಿಮೆ. ಅವಳಿಗೆ ಸರಿಯಾಗಿ ನಾವು ನಮ್ಮದನ್ನು ಬದಲಿಸಬೇಕಾಯಿತು. ಕಾಯುವ ಹಾಡು ಮೊದಲಿಗಿಂತ ಸಣ್ಣದಾಯಿತು. ನೀನು ರಜೆಗೆ ಬಂದು ಕೇಳಿದರೆ ಎರಡು ಮೂರು ಕಡೆ ಲೆಫ್ಟ್ ರೈಟ್ ಹಾಕಬಹುದು.

ಮೂವರೂ ಒಟ್ಟಿಗೆ ಇದ್ದ ಹಳೆಯ ಮಿಕ್ಸ್‌ಗಳನ್ನೆಲ್ಲ ಅಳಿಸುವ ದಿನ ತಿರುಮಲೇಶ್ವರ ಮೌಸನ್ನು ನನ್ನ ಕಡೆ ದೂಡಿದ. “ಮಾತು ಕೊಟ್ಟದ್ದು ನೀನು, ನೀನೇ ಒತ್ತು.” ಖಂಡಿತವಾ ಎಂದು ಕಂಪ್ಯೂಟರ್ ಕೇಳಿತು. ಒತ್ತಿದೆ. ಹೊರಗೆ ಹೋಗಿ ಮುಖ ತೊಳೆದು ಬಂದೆ, ಊಟದ ಹೊತ್ತಾಗಿತ್ತು, ಊಟ ಮಾಡಿದೆವು.

ಕೆಲಸ ಮುಗಿದ ಮೇಲೆ ರಾಮಕುಂಜಕ್ಕೆ ನಾನೊಬ್ಬನೇ ಹೋದೆ. ಉಮ್ಮ ಅಡುಗೆಮನೆಯಲ್ಲಿ ಮೀನು ಮಾಡುತ್ತಿದ್ದರು. ತೆಗೆದಾಯಿತು ಉಮ್ಮ ಎಂದೆ. ಅವರು ಕೈ ತೊಳೆದು ಬಂದು ಎದುರು ಕೂತರು. ಆಮೇಲೆ, “ತೆಗ್ದದ್ದು ಎಲ್ಲುಂಟು?” ಎಂದು ಕೇಳಿದರು. ಹಾರ್ಡ್ ಡಿಸ್ಕಿನಲ್ಲಿ ಬೇರೆಯಾಗಿ ಇದೆ, ಇನ್ನು ಅದನ್ನೂ ಅಳಿಸುತ್ತೇವೆ ಎಂದೆ. “ಅದ್ರಲ್ಲಿ ಪಾಟು ಉಂಟಾ? ಗಿಟಾರ್ ಉಂಟಾ?” ಇಲ್ಲ ಉಮ್ಮ, ಅವನೊಬ್ಬನೇ. ಬರೇ ಬಾರಿಸುವುದು. ಉಮ್ಮ ಹಸ್ನಾಳ ಮುಖ ನೋಡಿದರು, ಮೂಸಾಕನ ಮುಖ ನೋಡಿದರು. “ಉರೂಸಿಗೆ ದಫ್ ನಾವೂ ಬಾರಿಸ್ತೇವಲ್ಲ” ಎಂದರು ಮೂಸಾಕ, ತನಗೇ ಹೇಳಿಕೊಳ್ಳುವ ಹಾಗೆ. “ಒಮ್ಮೆ ಇಡು ಮೋನೆ, ಕೇಳುವ” ಎಂದರು ಉಮ್ಮ.

ಡಿಸ್ಕ್ ನನ್ನ ಬ್ಯಾಗಿನಲ್ಲೇ ಇತ್ತು. ಹಸ್ನಾ ಲ್ಯಾಪ್‌ಟಾಪ್ ತಂದಳು. ಅವನೊಬ್ಬನೇ ಬಾರಿಸಿದ್ದನ್ನು ನಾನೂ ಹಾಗೆ ಕೂತು ಕೇಳಿರಲಿಲ್ಲ. ನಾವು ತುಂಡು ತುಂಡು ಮಾಡಿ ಕೆಲಸಕ್ಕೆಂದು ಕೇಳುತ್ತಿದ್ದದ್ದು. ಕೋಲು ತಾಗಿಸಿ ಲೆಕ್ಕ ಕೊಡುವುದು, ಸ್ಟೂಲಿನ ಕಿರ್ ಶಬ್ದ, ಉಸಿರು, ಎಲ್ಲ ಮೈಕಿಗೆ ಬಂದಿತ್ತು. ಒಂದು ಕಡೆ ತಪ್ಪಿ, ನಿಲ್ಲಿಸಿ, ಮೂಗಲ್ಲಿ ನಕ್ಕ. “ಉಮ್ಮಾ, ಇದು ಅವ ನಕ್ಕದ್ದು” ಎಂದು ಹಸ್ನಾ ಹೇಳಿದಳು, ಎದ್ದು ಒಳಗೆ ಹೋದಳು. ಉಮ್ಮ ಕದಲಲಿಲ್ಲ. ಮೀನು ಒಲೆಯ ಮೇಲೆ ತಳ ಹಿಡಿಯಿತು, ಮೂಸಾಕ ಹೋಗಿ ಗ್ಯಾಸ್ ಬಂದ್ ಮಾಡಿದರು. ಇಡೀ ಆಲ್ಬಮ್ಮಿನ ಉದ್ದಕ್ಕೂ ಕೇಳಿದರು ಅಕ್ಕಾ. ಮುಗಿದ ಮೇಲೆ, “ಅವ ಸಿಟ್ಟಲ್ಲಿ ಬಡಿಯುದು ಅಂತ ಎಣಿಸಿದ್ದೆ ನಾನು. ಸಿಟ್ಟೇ ಇಲ್ಲ” ಎಂದರು. ಮತ್ತೆ, “ಇದನ್ನು ಅಳಿಸ್ಬೇಡ. ಇಲ್ಲಿ ಇಟ್ಟು ಹೋಗು. ನಿಮ್ಮ ಹತ್ರ ಇದ್ರೆ ಒಂದು ದಿನ ಸೇರಿಸ್ಲಿಕ್ಕೆ ಮನಸ್ಸಾದೀತು” ಎಂದರು. ಇಟ್ಟು ಬಂದೆ. ಹೊರಡುವಾಗ ಉಮ್ಮ ಬಾಗಿಲ ತನಕ ಬಂದು, “ಪಾಟಿನ ಒಟ್ಟಿಗೆ ಇದ್ದದ್ದು ಬೇರೆ ಎಲ್ಲೂ ಇಲ್ಲ ಅಲ್ವಾ ಮೋನೆ?” ಎಂದು ಕೇಳಿದರು. ಇಲ್ಲ ಉಮ್ಮ ಎಂದೆ.

ಹಾಗಾಗಿ ಈಗ ಹೀಗಿದೆ. ಊರಿನವರ ಹತ್ತಿರ ಅವನಿಲ್ಲದ ಆಲ್ಬಂ ಇದೆ, ಉಮ್ಮನ ಹತ್ತಿರ ನಾವಿಲ್ಲದ ಅವನಿದ್ದಾನೆ. ಹಸ್ನಾ ಹೇಳಿದಳು, ಉಮ್ಮ ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ದಿನಾ ಅದನ್ನು ಸ್ವಲ್ಪ ಹಾಕಲು ಹೇಳುತ್ತಾರಂತೆ. ಈಗ ನಿದ್ದೆಯೂ ಬರುತ್ತದಂತೆ.

ಡಿಸೆಂಬರಿನಲ್ಲಿ ಪುತ್ತೂರಿನ ಒಂದು ಸಣ್ಣ ಹಾಲಿನಲ್ಲಿ ಬಿಡುಗಡೆ ಇಟ್ಟೆವು. ಉದಯಣ್ಣ ಅವರ ದೊಡ್ಡ ಬಾಕ್ಸ್‌ಗಳನ್ನೇ ತಂದು ಇಟ್ಟರು. ಅಪ್ಪ ಮಂಡೆಕೋಲಿನಿಂದ ಜೀಪು ತುಂಬ ಜನ ಕರೆದುಕೊಂಡು ಬಂದಿದ್ದರು, ಪಾಪ, ಅವರಲ್ಲಿ ಅರ್ಧ ಜನ ಕಿವಿಗೆ ಬೆರಳು ಹಾಕಿ ಕೊನೆಯ ತನಕ ಕೂತರು. ಸಾಕ್ಷಿ ಚೆನ್ನಾಗಿ ಬಾರಿಸಿದಳು. ಮಶೂದನ ಹೆಸರು ಎಲ್ಲಿಯೂ ಹಾಕಲಿಲ್ಲ, ಮೂಸಾಕ ಬೇಡ ಎಂದಿದ್ದರು. ಆದರೆ ಅವರು ಬಂದಿದ್ದರು. ಹಿಂದಿನ ಸಾಲಿನಲ್ಲಿ ನಿಂತು ಮೊದಲ ಹಾಡು ಮುಗಿದ ಮೇಲೆ ಹೊರಗೆ ಹೋದರು. ಬೇರೆ ಬೇರೆ ದೇಶದವರು ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದಾರೆ. ಚಿಲಿ ದೇಶದ ಒಬ್ಬ, ಕನ್ನಡ ಗೊತ್ತಿಲ್ಲ, ಆದರೂ ಯಾರನ್ನೋ ಕಾಯುತ್ತಿದ್ದೇವೆ ಎಂದು ಅನ್ನಿಸಿತು ಎಂದು ಬರೆದಿದ್ದಾನೆ. ತಿರುಮಲೇಶ್ವರ ಅದನ್ನು ಓದಿ ನನಗೂ ತೋರಿಸಿದ. ಓದಿದೆ. ಒಳ್ಳೆಯದು ಎಂದೆ.

ಐದು ವರ್ಷ ಇದು ಬರಲಿ ಎಂದು ಕಾದದ್ದು. ಬಂದ ದಿನ ಏನಾಗುತ್ತದೆ ಎಂದು ನಾವು ಮೂವರು ಎಷ್ಟು ಮಾತಾಡಿದ್ದೇವೆ. ಬಂತು. ಸ್ಟೇಜ್ ಬಿಚ್ಚಿದೆ, ಸಾಮಾನು ಲೋಡ್ ಮಾಡಿದೆ. ಅಮ್ಮ ನನ್ನ ಮುಖ ನೋಡಿ ನೋಡಿ, ಯಾರನ್ನಾದರೂ ಕಂಡು ಕೇಳುವ ಎನ್ನುತ್ತಿದ್ದಾರೆ. ಡಾಕ್ಟರರನ್ನೋ ಜೋಯಿಸರನ್ನೋ ಎಂದು ಹೇಳಿಲ್ಲ. ನನಗೆ ಏನೂ ಆಗಿಲ್ಲ. ತಿನ್ನುತ್ತೇನೆ, ಮಲಗುತ್ತೇನೆ. ಅಮ್ಮ ನಿನಗೆ ಬೇರೆ ಏನಾದರೂ ಹೇಳಿದರೆ ಹೆದರಬೇಡ.

ಅಪ್ಪ ಅಮ್ಮ ಇಬ್ಬರೂ ನಿನಗೆ ಆಶೀರ್ವಾದ ಹೇಳಿದ್ದಾರೆ. ಆ ಎತ್ತರದ ಜಾಗದಲ್ಲಿ ದೇವರು ನಿನ್ನ ಕೈಕಾಲು ಬೆಚ್ಚಗೆ ಇಡಲಿ ಎಂದು ಅಮ್ಮ ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ತಿರುಮಲೇಶ್ವರನೂ ನಿನ್ನನ್ನು ಕೇಳಿದ್ದಾನೆ. ಎಚ್ಚರದಲ್ಲಿರು.

ನಿನ್ನ ತಮ್ಮ,
ರೂಪೇಶ್

ಮರೆತದ್ದು: ಅಪ್ಪ ಜೀಪು ಸ್ಟಾರ್ಟ್ ಮಾಡಿ ಹಾರ್ನ್ ಹಾಕುತ್ತಿದ್ದಾರೆ, ಸುಳ್ಯದಲ್ಲಿ ಒಬ್ಬರು ನಿಮ್ಮ ಕಡೆಗೆ ಹೊರಡುವವರಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡಬೇಕು. ಅಕ್ಕಾ, ನಾನು ಉಮ್ಮನಿಗೆ ಇಲ್ಲ ಎಂದದ್ದು ಸುಳ್ಳಾಯಿತು. ನಿನ್ನೆ ನೆನಪಾಯಿತು. ಜುಲೈಯಲ್ಲಿ ಕಾಯುವ ಹಾಡನ್ನು ನಿನ್ನ ಫೋನಿಗೆ ಕಳಿಸಿದ್ದೆ, ಮೂವರೂ ಒಟ್ಟಿಗೆ ಇದ್ದದ್ದು. ನನ್ನ ಫೋನಿನಲ್ಲಿದ್ದದ್ದನ್ನು ನಿನ್ನೆಯೇ ಅಳಿಸಿದೆ, ಲೋಕದಲ್ಲಿ ಈಗ ಅದೊಂದೇ ಇರುವುದು. ಅದನ್ನು ಅಳಿಸು. ಯಾರಿಗೂ ಕಳಿಸಬೇಡ, ನನಗೂ ಕಳಿಸಬೇಡ. ನಾನು ಕೇಳಿದರೂ ಕೊಡಬೇಡ. ಅಳಿಸುವ ಮೊದಲು ನೀನು ಒಬ್ಬಳೇ ಕೂತು ಒಮ್ಮೆ ಪೂರ್ತಿ ಕೇಳು. ಅಳು ಬಂದರೆ ನನಗೆ ಬರೆ, ಎಲ್ಲಿ ಬಂತು ಎಂದು.